ಸಂಡಿಗೆ ಕಾಕು ಬಿಟ್ಟುಕೊಟ್ಟ ಬಿಸಿಲು

ಅವರ ಎಡಗೆನ್ನೆ ಬಲಗೆನ್ನೆಗಿಂತ ಕಪ್ಪಾಗಿತ್ತು. ವರ್ಷ ವರ್ಷವೂ ತಾರಸಿಯ ಮೇಲೆ ಒಂದೇ ಮಗ್ಗುಲಾಗಿ ಕೂತು, ಉದ್ದನೆಯ ಕೋಲು ಹಿಡಿದು ಪಾರಿವಾಳ ಓಡಿಸಿದ್ದರ ಗುರುತು ಅದು. ಗದಗಿನ ಕಡೆಯವರು. ನಮ್ಮ ಏಳು ಮಹಡಿಯ ಕಟ್ಟಡಕ್ಕೆಲ್ಲ ಅವರು ಸಂಡಿಗೆ ಕಾಕು; ಮರಾಠಿಯಲ್ಲಿ ಕಾಕು ಎಂದರೆ ಚಿಕ್ಕಮ್ಮ. ಸಂಡಿಗೆ, ಹಪ್ಪಳ, ಶ್ಯಾವಿಗೆ ಮಾರಿಯೇ ಇಬ್ಬರು ಹೆಣ್ಣುಮಕ್ಕಳನ್ನು ದಡ ಸೇರಿಸಿದ್ದರು.

ಪುಣೆಯ ಅಂಚಿನಲ್ಲಿ, ಕಡಿಮೆ ಆದಾಯದವರಿಗೆಂದು ಸರ್ಕಾರಿ ಯೋಜನೆಯಲ್ಲಿ ಕಟ್ಟಿದ ಮನೆಗಳು ನಮ್ಮವು. ಲಿಫ್ಟ್ ಇತ್ತು. ಆದರೆ ಕರೆಂಟಿನ ಬಿಲ್ಲಿಗೆ ಹೆದರಿ ಸೊಸೈಟಿಯವರು ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಅದಕ್ಕೆ ಬೀಗ ಹಾಕುತ್ತಿದ್ದರು. ರಾಂಜಣಗಾಂವದ ಕಾರ್ಖಾನೆಯಲ್ಲಿ ರಾತ್ರಿಪಾಳಿ ಮುಗಿಸಿ ಹತ್ತೂವರೆಗೆ ಮನೆ ಮುಟ್ಟುವ ಅಪ್ಪ, ಊದಿದ ಕಾಲಿನಲ್ಲಿ ಏಳೂ ಮಹಡಿ ಹತ್ತುತ್ತಿದ್ದ. ಹಾಗೆ ಹತ್ತಿ ಹತ್ತಿಯೇ ನನ್ನನ್ನು ಎಂಜಿನಿಯರ್ ಮಾಡಿದ. ನಮ್ಮ ವಂಶದಲ್ಲಿ ಪದವಿ ಪಡೆದ ಮೊದಲನೆಯವಳು ನಾನು. ಖರಾಡಿಯ ಒಂದು ಸೌರವಿದ್ಯುತ್ ಕಂಪನಿ ಸೇರಿದ ಮೇಲೆ ನಾನಾಗಿಯೇ ಹಟ ಹಿಡಿದು ತಂದ ಮೊದಲ ಕೆಲಸ, ನಮ್ಮದೇ ತಾರಸಿಯ ಮೇಲೆ ಸೌರ ಪ್ಯಾನೆಲ್ಲು ಕೂರಿಸುವುದು.

ಸೊಸೈಟಿಯ ಸಭೆಯಲ್ಲಿ ನಾನು ಇಂಗಾಲ, ಹವಾಮಾನ ಎಂದೆಲ್ಲ ಮರಾಠಿಯಲ್ಲಿ ಹೇಳುತ್ತಿದ್ದರೆ ಜನ ಆಕಳಿಸಿದರು. ಕಾಕು ಎದ್ದು ತಮ್ಮ ತಂಗಿಯ ಊರಿನ ಸುದ್ದಿ ತೆಗೆದರು. ಕಲ್ಲಿದ್ದಲು ಸುಟ್ಟು ಕರೆಂಟು ಮಾಡುವ ಸ್ಥಾವರ ಆ ಊರಿಗೆ ಅಂಟಿಕೊಂಡೇ ಇದೆಯಂತೆ. ಅಲ್ಲಿ ಬೆಳಿಗ್ಗೆ ಇಟ್ಟ ಸಂಡಿಗೆ ಸಂಜೆಗೆ ಬೂದಿ ಬಣ್ಣವಾಗುತ್ತದಂತೆ. ನಮ್ಮ ಲಿಫ್ಟು ಏರಲಿಕ್ಕೆ ಆಕೆ ಯಾಕೆ ಬೂದಿ ತಿನ್ನಬೇಕು ಎಂದು ಕೇಳಿ ಕೂತುಬಿಟ್ಟರು. ಆಮೇಲೆ ಯಾರೂ ಆಕಳಿಸಲಿಲ್ಲ. ಅಧ್ಯಕ್ಷರು ಒಪ್ಪಿದರು, ಒಂದು ಶರತ್ತಿನ ಮೇಲೆ. ಒಂದು ವರ್ಷ ನೋಡುತ್ತೇವೆ, ಲಿಫ್ಟಿಗೆ ಬೇಕಾದಷ್ಟು ವಿದ್ಯುತ್ ತಾರಸಿಯಿಂದಲೇ ಬಂದರೆ ಬೀಗ ತೆಗೆಯುತ್ತೇವೆ, ಇಲ್ಲದಿದ್ದರೆ ಇಲ್ಲ. ಅಂದರೆ ಮಳೆಗಾಲದ ಮೋಡದಲ್ಲಿ ಕಳೆದದ್ದನ್ನು ಚಳಿಗಾಲದ ತಿಳಿಬಿಸಿಲಿನಲ್ಲಿ ತುಂಬಿಕೊಳ್ಳಬೇಕು.

ಮೇ ತಿಂಗಳ ಒಂದು ಮಧ್ಯಾಹ್ನ ಅಳತೆ ತೆಗೆದೆ. ನೀರಿನ ಟಾಕಿಯ ದಕ್ಷಿಣಕ್ಕೆ ಕಾಕುವಿನ ಸಂಡಿಗೆ ಹಾಸಿತ್ತು. ಅದು ಅವರ ಅನ್ನದ ಜಾಗ. ಅದನ್ನು ಮುಟ್ಟಬಾರದೆಂದು ಪ್ಯಾನೆಲ್ಲುಗಳಿಗೆ ಟಾಕಿಯ ಉತ್ತರಕ್ಕೆ ಸುಣ್ಣದ ಗುರುತು ಹಾಕಿದೆ. ಆ ಹೊತ್ತಿಗೆ ನೆರಳೆಲ್ಲ ಕಾಲಡಿಯೇ ಇತ್ತು. ವರ್ಷದ ನೆರಳಿನ ಲೆಕ್ಕ ಹಾಕುವ ಕಂಪ್ಯೂಟರಿಗೆ ಟಾಕಿಯ ಎತ್ತರ ಕೊಟ್ಟದ್ದು ಹಳೆಯ ನಕ್ಷೆಯಿಂದ. ಆಮೇಲೆ ಅದರ ಮೇಲೆ ಇನ್ನೊಂದು ಟಾಕಿ ಕೂರಿಸಿದ್ದು ದಿನಾ ಕಣ್ಣಿಗೆ ಬೀಳುತ್ತಿದ್ದರೂ ನನಗೆ ಹೊಳೆಯಲಿಲ್ಲ.

ಕಾಕು ಬಂದು ಗುರುತು ನೋಡಿ, ಇಲ್ಲಿ ಯಾಕೆ ಎಂದರು. ನಿಮ್ಮ ಜಾಗ ಬಿಟ್ಟಿದ್ದೇನೆ ಎಂದೆ, ದೊಡ್ಡ ಉಪಕಾರ ಮಾಡಿದವಳಂತೆ.

"ಸಂಕ್ರಾಂತಿಗೆ ಇಲ್ಲಿ ನೆರಳು ಬೀಳ್ತದ, ತಂಗಿ."

"ಕಂಪ್ಯೂಟರ್ ಹಂಗ ಹೇಳೂದಿಲ್ರೀ ಕಾಕು."

"ಅದೇನು ಈ ಮಾಳಿಗಿ ಮ್ಯಾಲೆ ಸಂಕ್ರಾಂತಿ ಮಾಡ್ಯದೇನು?"

ಕಸಬರಿಗೆ ತಂದು ನೆಲ ಗುಡಿಸಿ ತೋರಿಸಿದರು. ಕಾವಿಯಲ್ಲಿ ಎಳೆದ ಮೂರು ಗೆರೆಗಳು. ಬಣ್ಣದವರು ಚೆಲ್ಲಿದ ಕಲೆ ಎಂದುಕೊಂಡಿದ್ದೆ ನಾನು. ಸಂಕ್ರಾಂತಿ, ಶಿವರಾತ್ರಿ, ಹೋಳಿ, ಒಂದೊಂದು ಹಬ್ಬದ ಮಧ್ಯಾಹ್ನ ಟಾಕಿಯ ನೆರಳು ಎಲ್ಲಿ ಮುಗಿಯುತ್ತದೋ ಅಲ್ಲೊಂದು ಗೆರೆ. ದಕ್ಷಿಣದ ಜಾಗ ಸಾಲದೆ ಈ ಕಡೆಗೂ ಸಂಡಿಗೆಯ ಚಾಪೆ ಹಾಸಬೇಕಾದಾಗ ಅದೇ ಅವರ ಲೆಕ್ಕ. ಸಂಕ್ರಾಂತಿಯ ಗೆರೆ ನನ್ನ ಎರಡನೇ ಸಾಲನ್ನೂ ದಾಟಿತ್ತು. ನೆರಳು ಬಿದ್ದ ಒಂದು ಪ್ಯಾನೆಲ್ಲು ತನ್ನ ಇಡೀ ಸಾಲಿನ ವಿದ್ಯುತ್ತನ್ನೇ ಎಳೆದು ಕೆಡವುತ್ತದೆ. ಚಳಿಗಾಲದ ಬಿಸಿಲು ಕೈತಪ್ಪಿದರೆ ಲಿಫ್ಟಿನ ಬೀಗ ಅಲ್ಲೇ ಉಳಿಯುತ್ತಿತ್ತು, ನನ್ನ ಪದವಿ ಕಟ್ಟಡಕ್ಕೆಲ್ಲ ನಗೆಪಾಟಲಾಗುತ್ತಿತ್ತು.

ಹಾಗಾದರೆ ಎಲ್ಲಿ ಕೂರಿಸಲಿ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಉತ್ತರ ಕಣ್ಣೆದುರೇ ಹಾಸಿಕೊಂಡು ಒಣಗುತ್ತಿತ್ತು.

ಅವರೇ ಹೇಳಿದರು: "ನನ್ನ ಜಾಗಾದಾಗ ಕೂಡಸು. ನಿನ್ನವಕ್ಕ ವರ್ಷಪೂರ್ತಿ ಬಿಸಲು ಬೇಕು. ನನಗ ಹೋಳಿ ಮ್ಯಾಲಿನ ಬಿಸಲು ಸಾಕು. ಅಷ್ಟೊತ್ತಿಗೆ ಈ ಕಡೆ ನೆರಳು ಎಲ್ಲಿರ್ತದ?"

ಸಂಕ್ರಾಂತಿ ಮುಗಿದೊಡನೆ ಸುರುವಾಗುತ್ತಿದ್ದ ಅವರ ಕೆಲಸ ಎರಡು ತಿಂಗಳು ಹಿಂದೆ ಬೀಳುತ್ತದೆ, ಗಿರಾಕಿಗಳು ಬೇರೆ ಕಡೆ ಹೋದಾರು ಎಂದೆ.

"ನನ್ನ ಸಂಡಿಗಿ ಬಿಟ್ಟು ಇರೂ ಗಿರಾಕಿ ಯಾರದಾರ?" ಎಂದು ಕೋಲೆತ್ತಿಕೊಂಡು ಪಾರಿವಾಳಗಳ ಕಡೆ ಹೋದರು.

ನಾನು ಎಲ್ಲರೆದುರು ಸುಣ್ಣ ಒರೆಸಿದೆ. ತಪ್ಪು ನನ್ನದೆಂದು ಆಫೀಸಿನಲ್ಲೂ ಹೇಳಿದೆ. ಪ್ಯಾನೆಲ್ಲುಗಳು ಟಾಕಿಯ ದಕ್ಷಿಣಕ್ಕೆ, ಕಾಕುವಿನ ಜಾಗದಲ್ಲಿ ಕೂತವು.

ಮಾರನೇ ವರ್ಷ ಮೀಟರ್ ಓದಿದ ದಿನ ಅಧ್ಯಕ್ಷರು ಎರಡು ಸಲ ಕನ್ನಡಕ ಒರೆಸಿಕೊಂಡರು. ಲಿಫ್ಟಿಗೆ ಬೇಕಾದದ್ದಕ್ಕಿಂತ ಹೆಚ್ಚೇ ಬಂದಿತ್ತು. ಅವರೇ ಕೆಳಗಿಳಿದು ಬೀಗ ತೆಗೆದರು. ಮಟಮಟ ಮಧ್ಯಾಹ್ನ ಲಿಫ್ಟು ಮೇಲೇರಿತು. ಒಳಗೆ ಅಪ್ಪ, ಕಾಕು, ಅವರ ಎರಡು ಚೀಲ ಅಕ್ಕಿಹಿಟ್ಟು. ಅಪ್ಪ ಏಳನೇ ಮಹಡಿಯಲ್ಲಿ ಇಳಿದವನು ಮತ್ತೆ ಒಳಹೊಕ್ಕು, ಸುಮ್ಮನೆ ಕೆಳಗೆ ಹೋಗಿ ಇನ್ನೊಮ್ಮೆ ಮೇಲೆ ಬಂದ. ಆ ಬೇಸಿಗೆ ಕಾಕುವಿನ ಚಾಪೆಗಳು ಟಾಕಿಯ ಉತ್ತರಕ್ಕಿದ್ದವು. ಗಿರಾಕಿಗಳು ಕಾದಿದ್ದರು.

ಕಾಕು ಹೋದ ವರ್ಷ ತೀರಿಕೊಂಡರು. ಈಗ ನಾನು ಬಾರಾಮತಿಯವರೆಗೂ ಇಂಥದೇ ಬಡವರ ಕಟ್ಟಡಗಳ ಮೇಲೆ ಹತ್ತುತ್ತೇನೆ. ಟೇಪು ಬಿಚ್ಚುವ ಮೊದಲು, ಇಲ್ಲಿ ಒಣಹಾಕುವವರು ಯಾರು ಎಂದು ಕೇಳುತ್ತೇನೆ. ಜೊತೆಗಾರರು ನಗುತ್ತಾರೆ, ನಗಲಿ. ಸೆರಗಿಗೆ ಕೈ ಒರೆಸಿಕೊಳ್ಳುತ್ತ ಯಾರೋ ಒಬ್ಬಾಕೆ ಮೆಟ್ಟಿಲೇರಿ ಬರುತ್ತಾಳೆ. ನಾನು ಪೆನ್ನು ತೆಗೆದು ಅವಳ ಹಿಂದೆ ನಡೆಯುತ್ತೇನೆ.