ಹಗಲು ಹೇಳಿದ ಕಥೆ

ಆ ಕಾಲದ ಭದ್ರಾವತಿಯಲ್ಲಿ ನಮ್ಮ ದಿನವೆಲ್ಲ ಕಾರ್ಖಾನೆಯ ಸಿಳ್ಳೆಯ ಲೆಕ್ಕದಲ್ಲಿ ನಡೆಯುತ್ತಿತ್ತು. ಒಂದು ಸಿಳ್ಳೆಗೆ ಅವ್ವ ಒಲೆ ಹಚ್ಚುವಳು, ಇನ್ನೊಂದಕ್ಕೆ ಅಪ್ಪ ರೊಟ್ಟಿ ಕಟ್ಟಿಕೊಂಡು ಹೊರಡುವನು. ನಿಮ್ಮಲ್ಲಿ ಯಾರಾದರೂ ಆಗ ಆ ಕಡೆ ಬೆಳೆದಿದ್ದರೆ ಅಲ್ಲಿಯ ವಾಸನೆ ನೆನಪಿರಬಹುದು. ಸುಟ್ಟ ಸೌದೆ, ಟಾರು, ಹೊಗೆ ಎಲ್ಲ ಸೇರಿದ ವಾಸನೆ ಅದು. ಒಗೆದು ಹರವಿದ ಬಟ್ಟೆಯ ಮೇಲೂ ಇದ್ದಿಲ ಪುಡಿ ಕೂರುತ್ತಿತ್ತು. ಸಂಜೆ ಕಬ್ಬಿಣ ಹೊಯ್ಯುವಾಗ ಆಕಾಶ ಕೆಂಪಾದರೆ ನಾವು ಮಕ್ಕಳು ಕುಂಟಾಬಿಲ್ಲೆ ನಿಲ್ಲಿಸಿ ನೋಡುತ್ತಿದ್ದೆವು.

ಹೊಳಲೂರಿನ ಗದ್ದೆ ಅಣ್ಣತಮ್ಮಂದಿರಲ್ಲಿ ಪಾಲಾಗಿ ನಮ್ಮ ಪಾಲು ಊಟಕ್ಕೆ ಸಾಲದೆ ಹೋದಾಗ ನಾವು ಇಲ್ಲಿಗೆ ಬಂದಿದ್ದೆವು. ಅಪ್ಪನಿಗೆ ಕಾರ್ಖಾನೆಗೆ ಬರುವ ಇದ್ದಿಲು ಇಳಿಸುವ ಕೆಲಸ. ಅವ್ವ ಕಂಟ್ರಾಕ್ಟರನ ಹತ್ತಿರ ಕೂಲಿಗೆ ಹೋಗುತ್ತಿದ್ದಳು. ಅಪ್ಪನ ತಾಯಿ, ನಮ್ಮಜ್ಜಿ, ಮನೆಯಲ್ಲಿರುತ್ತಿದ್ದಳು. ಅವಳ ಕಣ್ಣು ಮಂಜಾಗಿತ್ತು. ಓಡುವ ಮಗುವಿನ ಹಿಂದೆ ಓಡಲು ಅವಳಿಂದಾಗುತ್ತಿರಲಿಲ್ಲ. ಆದ್ದರಿಂದ ಮೂರನೇ ಕ್ಲಾಸು ಮುಗಿಸಿದ ನನ್ನನ್ನು ಶಾಲೆ ಬಿಡಿಸಿ, ತಮ್ಮ ಶೀನನನ್ನು ನೋಡಿಕೊಳ್ಳಲು ಇಟ್ಟರು. ಅವನಿಗೆ ಆಗ ಐದು ತುಂಬಿರಲಿಲ್ಲ. ನಾನು ಅವನನ್ನು ಸೊಂಟದ ಮೇಲೆ ಹೊತ್ತುಕೊಂಡೇ ಶಾಲೆಯ ಕಿಟಕಿಯ ಹತ್ತಿರ ನಿಂತು, ಒಳಗೆ ಹೇಳುವ ಮಗ್ಗಿಯನ್ನು ಹೊರಗೆ ಹೇಳುತ್ತಿದ್ದೆ.

ದೀಪ ಹಚ್ಚಿದ ಮೇಲೆ ಅಜ್ಜಿ ಕಥೆ ಹೇಳುತ್ತಿದ್ದಳು. ಕೇಳುವವರು ಹೂಂಗುಟ್ಟಬೇಕು. ಹೂಂ ನಿಂತರೆ ಕಥೆಯೂ ನಿಲ್ಲುತ್ತಿತ್ತು. ಶೀನ ಮಂಡಕ್ಕಿ ತಿನ್ನುತ್ತ, ಬಾಯಿ ತುಂಬಿದ್ದರೂ ಮೂಗಿನಲ್ಲೇ ಹೂಂ ಅನ್ನುತ್ತಿದ್ದ. ಅವನಿಗೆ ದಿನವೂ ಬೇಕಾಗಿದ್ದುದು ಒಂದೇ ಕಥೆ. ತಮ್ಮನನ್ನು ಮರದಡಿ ಕೂರಿಸಿ ಅಕ್ಕ ಸೌದೆಗೆ ಹೋಗುತ್ತಾಳೆ. ರಕ್ಕಸಿ ಬಂದು ಮಗುವನ್ನು ಮೊರದಲ್ಲಿ ಹೊತ್ತೊಯ್ಯುತ್ತಾಳೆ. ಅಕ್ಕ ದಾರಿ ಕೇಳುತ್ತ ಹೊರಡುತ್ತಾಳೆ. ಹುಣಿಸೆಮರ ಅವಳ ಕೂದಲು ಕೇಳುತ್ತದೆ, ಕೊಡುತ್ತಾಳೆ. ಹೊಳೆ ಬಳೆ ಕೇಳುತ್ತದೆ, ಕೊಡುತ್ತಾಳೆ. ಬಂಡೆ ನೆರಳನ್ನು ಕೇಳುತ್ತದೆ. ಅದನ್ನೂ ಕೊಟ್ಟು, ಬೋಳುತಲೆಯಲ್ಲಿ, ಬರಿಗೈಯಲ್ಲಿ, ನೆರಳಿಲ್ಲದೆ ರಕ್ಕಸಿಯ ಗವಿಯ ಬಾಗಿಲಿಗೆ ಬಂದು ನಿಲ್ಲುತ್ತಾಳೆ. ರಕ್ಕಸಿ ನಗುತ್ತಾಳೆ. “ಇಂಥೋಳು ಈ ಮಗೀನ ಅಕ್ಕ ಹೆಂಗಾಗ್ತಾಳೆ? ಮಗಾನೇ ಹೇಳ್ಲಿ. ಏ ಮಗಾ, ನೀನು ಯಾರ ಮಗ?”

ಇಲ್ಲಿ ಅಜ್ಜಿ ಸುಮ್ಮನಾಗುತ್ತಿದ್ದಳು. ಉತ್ತರ ಕಥೆಯಲ್ಲಿರಲಿಲ್ಲ. ಕೇಳುವ ಮಗುವೇ ಹೇಳಬೇಕಿತ್ತು. ಶೀನ ಬೇಕೆಂದೇ ತಡ ಮಾಡುತ್ತಿದ್ದ. ನನ್ನ ಕಡೆ ಓರೆಗಣ್ಣಲ್ಲಿ ನೋಡಿ, ಮಂಡಕ್ಕಿ ಅಗಿದು, ನುಂಗಿ, ನಾನು ತೊಡೆ ಚಿವುಟಿದ ಮೇಲೆ “ನಮ್ಮಕ್ಕನ ಮಗ” ಎಂದು ಕಿರುಚುತ್ತಿದ್ದ. ಆಗ ರಕ್ಕಸಿಯ ಹೊಟ್ಟೆ ಢಮ್ಮೆಂದು ಒಡೆಯುತ್ತಿತ್ತು.

ಆ ವರ್ಷ ನ್ಯೂ ಟೌನಿನಲ್ಲಿ ಒಬ್ಬ ಇಂಜಿನಿಯರರ ಹೆಂಡತಿ ಸರೋಜಮ್ಮನವರು ಸಣ್ಣ ಮಕ್ಕಳಿಗೆ ಶಿಶುವಿಹಾರ ತೆರೆದರು. ಮೈಸೂರಿನಲ್ಲಿ ಓದಿದವರು. ನಾವೆಲ್ಲ ಟೀಚರಮ್ಮ ಎನ್ನುತ್ತಿದ್ದೆವು. ಶೀನನನ್ನು ಅಲ್ಲಿ ಬಿಟ್ಟು ಬರಬೇಕಾದ ನಾನು, ಬಿಟ್ಟು ಬರದೆ ಬಾಗಿಲ ಹತ್ತಿರ ಕುಳಿತುಕೊಳ್ಳುತ್ತಿದ್ದೆ. ಅವರ ಹತ್ತಿರ ಚಿತ್ರದ ಪುಸ್ತಕಗಳಿದ್ದವು. ಕೊಡೆ ಹಿಡಿದ ಬಾತುಕೋಳಿ, ಕೆಂಪು ಟೋಪಿಯ ಹುಡುಗ. ಪುಟದ ಇಂಗ್ಲಿಷ್ ಅಕ್ಷರಗಳ ಮೇಲೆ ಅವರು ಕನ್ನಡದಲ್ಲಿ ಬರೆದ ಚೀಟಿ ಅಂಟಿಸಿದ್ದರು. ಪುಸ್ತಕ ತೆರೆದರೆ ಮೈದಾ ಅಂಟಿನ ಹುಳಿವಾಸನೆ. ನಾನು ಆ ಚೀಟಿಗಳನ್ನು ತಡವರಿಸದೆ ಓದಿದ್ದು ಅವರ ಕಣ್ಣಿಗೆ ಬಿತ್ತು.

ಮಕ್ಕಳ ಕಥೆಗಳ ವಿಷಯದಲ್ಲಿ ಅವರಿಗೆ ತಮ್ಮದೇ ವಿಚಾರವಿತ್ತು. ಅಜ್ಜಿಯರು ಹೇಳುವ ಕಥೆಗಳಲ್ಲಿ ಎಳೆಯ ಮಕ್ಕಳಿಗೆ ಯಾವುದು ಸರಿ, ಯಾವುದು ಬೇಡ ಎಂದು ಆರಿಸಿ, ಶಿವಮೊಗ್ಗದ ಮಹಿಳೆಯರ ಜೊತೆ ಸೇರಿ ಚಿತ್ರ ಹಾಕಿಸಿ ಅಚ್ಚು ಮಾಡಿಸಬೇಕೆಂದಿದ್ದರು. ಅವರನ್ನು ನಾನು ತಪ್ಪೆನ್ನುವುದಿಲ್ಲ. ದೆವ್ವದ ಕಥೆ ಕೇಳಿ ಹಿತ್ತಿಲಿಗೆ ಹೋಗಲು ಹೆದರುವ ಮಕ್ಕಳನ್ನು ಅವರು ಕಂಡಿದ್ದರು. ನಾನೂ ಕಂಡಿದ್ದೆ.

“ನಿಮ್ಮಜ್ಜೀನ ಕರ್ಕೊಂಡು ಬಾ,” ಅಂದರು.

ಅಜ್ಜಿ ಬರಲಿಲ್ಲ. “ಹಗ್ಲೊತ್ತಲ್ಲಿ ಕಥೆ ಹೇಳಿದ್ರೆ ಸೋದರಮಾವ ದಾರಿ ತಪ್ತಾನೆ ಕಣೆ. ನಿಮ್ಮ ಮಾವ ಗಾಡಿ ಹೊಡ್ಕೊಂಡು ಗಾಜನೂರು ಕಡೆ ಹೋಗಿದಾನೆ. ಅವ್ನು ಎತ್ತಿನ ಸಮೇತ ಕಾಡು ಸೇರ್ಲಿ ಅಂತೀಯಾ?”

“ಶಿಶುವಿಹಾರ ಇರೋದೇ ಹಗಲಲ್ಲಿ ಅಜ್ಜಿ.”

“ಹಂಗಾರೆ ಆ ಟೀಚರಮ್ಮ ದೀಪ ಹಚ್ಚಿದ ಮೇಲೆ ಇಲ್ಲಿಗೆ ಬರ್ಲಿ ಮಾರಾಯ್ತಿ. ಮಂಡಕ್ಕಿ ಕೊಡೋಣ.”

ನಾನು ಹೋಗಿ ಇದನ್ನು ಹೇಳಿದಾಗ ಸರೋಜಮ್ಮನವರು ನಕ್ಕುಬಿಟ್ಟರು. “ಹಾಗಾದ್ರೆ ನೀನೇ ಹೇಳು. ಕಥೆಗಳನ್ನ ನನಗೆ ತಂದುಕೊಡು. ಹೆಡ್‌ಮಾಸ್ಟರ ಹತ್ರ, ನಿಮ್ಮಪ್ಪನ ಹತ್ರ ನಾನು ಮಾತಾಡ್ತೀನಿ. ನಾಲ್ಕನೇ ಕ್ಲಾಸಿಗೆ ಸೇರ್ಕೋ.”

ಅವತ್ತಿನಿಂದ ನನಗೆ ಬೇರೆ ಯಾವುದೂ ಕಾಣಲಿಲ್ಲ. ರಾತ್ರಿ ಅಜ್ಜಿಯ ಬಾಯಲ್ಲಿ ಕೇಳಿದ್ದನ್ನು ಹಗಲು ಸರೋಜಮ್ಮನವರಿಗೆ ಒಪ್ಪಿಸುತ್ತಿದ್ದೆ. ಅವರು ಅಕ್ಕಿ ಆರಿಸುವಂತೆ ಆರಿಸುತ್ತಿದ್ದರು. ಇದು ಇರಲಿ, ಇದರಲ್ಲಿ ಹೊಡೆತ ಬಹಳ, ಇದರಲ್ಲಿ ಸುಳ್ಳು ಹೇಳಿದವನೇ ಗೆಲ್ಲುತ್ತಾನೆ, ಬೇಡ. ಅಕ್ಕತಮ್ಮನ ಕಥೆಯನ್ನು ಕೇಳಿ ಅದನ್ನು ತಿದ್ದಲು ಹೊರಟರು.

“ರಕ್ಕಸಿ ಬೇಡ. ಅವಳು ಒಬ್ಬ ಒಳ್ಳೇ ಮುದುಕಿಯಾಗಲಿ. ಮಗುವಿಗೆ ಬಾಳೆಹಣ್ಣು ಕೊಟ್ಟು ಮನೆಗೆ ಕಳಿಸಲಿ. ಹೊಟ್ಟೆ ಒಡೆಯೋದೂ ಬೇಡ.”

“ಆಗ ಆ ಪ್ರಶ್ನೆ?” ಅಂದೆ.

“ಒಳ್ಳೇ ಮುದುಕಿ ಯಾಕೆ ಕೇಳ್ತಾಳೆ ಹೇಳು.”

ನಾನು ಹಾಗೆಯೇ ಹೇಳುವುದನ್ನು ಕಲಿತೆ.

ಶಿವಮೊಗ್ಗದಿಂದ ಮಹಿಳೆಯರು ಬಂದ ದಿನ ಮಕ್ಕಳನ್ನೆಲ್ಲ ಚಾಪೆಯ ಮೇಲೆ ಕೂರಿಸಿದ್ದರು. ಶೀನನ ತಲೆಗೆ ಎಣ್ಣೆ ಹಚ್ಚಿ ನಾನೇ ಬಾಚಿದ್ದೆ. ನಾನು ಬಾಳೆಹಣ್ಣಿನ ಮುದುಕಿಯ ಕಥೆ ಹೇಳಿದೆ. ಶೀನ ಮೊದಮೊದಲು ಹೂಂ ಅಂದ, ಆಮೇಲೆ ಸುಮ್ಮನೆ ನನ್ನ ಬಾಯಿ ನೋಡುತ್ತ ಕುಳಿತ. ಕನ್ನಡಕ ಹಾಕಿದ ಹಿರಿಯ ಹೆಂಗಸೊಬ್ಬರು, “ಇದರ ಮೊದಲಿನ ರೂಪ ಹೇಗಿತ್ತಮ್ಮ?” ಎಂದು ಕೇಳಿದರು. ಸರೋಜಮ್ಮನವರು ಚುಟುಕಾಗಿ ಹೇಳಿದರು.

“ಅದೇ ಚೆನ್ನಾಗಿದೆಯಲ್ಲ ಸರೋಜ. ಮಗು ಬಾಯಲ್ಲೇ ಉತ್ತರ ಬರುತ್ತೆ.”

“ಮಕ್ಕಳು ಹೆದರ್ತಾರೆ. ಬೇಕಾದ್ರೆ ಇವಳನ್ನೇ ಕೇಳಿ. ಇವಳ ತಮ್ಮ ದಿನಾ ಕೇಳ್ತಾನೆ.” ನನ್ನ ಕಡೆ ತಿರುಗಿದರು. “ಏನಮ್ಮ, ಹೆದರ್ತಾನೆ ತಾನೆ?”

ಅವರಿಗೆ ಬೇಕಾದ ಉತ್ತರ ಯಾವುದು ಎಂಬುದು ನನಗೆ ಗೊತ್ತಿತ್ತು. ಹೆಡ್‌ಮಾಸ್ಟರರ ಹತ್ತಿರ ಅವರು ಇನ್ನೂ ಮಾತಾಡಿರಲಿಲ್ಲ.

“ಹೂಂ,” ಅಂದೆ. ಅಷ್ಟಕ್ಕೇ ನಿಲ್ಲಬಹುದಿತ್ತು. ಆ ಕನ್ನಡಕದವರು ನಂಬದವರಂತೆ ನನ್ನನ್ನೇ ನೋಡುತ್ತಿದ್ದರು. “ರಾತ್ರಿ ಹಾಸಿಗೇಲಿ ಉಚ್ಚೆ ಹೊಯ್ಕೋತಾನೆ,” ಎಂದೂ ಹೇಳಿದೆ.

ಮಕ್ಕಳು ಗೊಳ್ಳೆಂದು ನಕ್ಕರು. ಶೀನ ನಗಲಿಲ್ಲ, ಅಳಲಿಲ್ಲ. ಬಾಚಿದ ತಲೆಯ ಮೇಲೆ ಒಮ್ಮೆ ಕೈ ಆಡಿಸಿಕೊಂಡ.

ಅವನು ಎಂದೂ ಹಾಸಿಗೆ ಒದ್ದೆ ಮಾಡಿದವನಲ್ಲ. ಆ ಕಥೆಗೆ ಹೆದರುತ್ತಿದ್ದವಳು ನಾನು. ಮರ ಕೂದಲು ಕೇಳಿದರೆ ಕೊಡುತ್ತೇನೆಯೇ, ಬಂಡೆಗೆ ನೆರಳು ಬಿಟ್ಟು ಮುಂದೆ ಹೋಗುತ್ತೇನೆಯೇ ಎಂದು ಕತ್ತಲಲ್ಲಿ ನನ್ನನ್ನೇ ಕೇಳಿಕೊಂಡು ನಿದ್ದೆ ಬಾರದೆ ಮಲಗಿರುತ್ತಿದ್ದೆ.

ಮಾರನೆಯ ದಿನ ಸರೋಜಮ್ಮನವರು ನಮ್ಮ ಮನೆಗೆ ಬಂದರು. ಚಾಪೆಯ ಮೇಲೆ ಕುಳಿತು, ಅವ್ವ ಕೊಟ್ಟ ಬೆಲ್ಲ ನೀರು ಕುಡಿದು, ಬಹಳ ಮರ್ಯಾದೆಯಿಂದ, ಮಗುವಿಗೆ ಆ ಕಥೆ ಹೇಳಬೇಡಿ ಎಂದರು. ಅಜ್ಜಿಯ ಕೈಗೆ ಒಂದು ಚಿತ್ರದ ಪುಸ್ತಕ ಕೊಟ್ಟರು. ಅಜ್ಜಿ ಪುಟದ ಮೇಲೆ ಬೆರಳಾಡಿಸಿ, “ನುಣ್ಣಗೈತೆ ತಾಯಿ,” ಅಂದಳು. ಅವರು ಹೋದ ಮೇಲೆ ಶೀನನನ್ನು ಹತ್ತಿರ ಕರೆದಳು.

“ನನ್ನ ಕಥೆ ಕೇಳಿ ಹಾಸಿಗೆ ಒದ್ದೆ ಮಾಡ್ಕೋತೀಯಂತೆ. ಹೌದೇನಪ್ಪ?”

ಶೀನ ನನ್ನ ಕಡೆ ನೋಡಿದ. ಇಲ್ಲ ಎಂದಿದ್ದರೆ ಆಗುತ್ತಿತ್ತು. ಹಾಸಿಗೆ ಮಡಚುತ್ತಿದ್ದವಳು ಅಜ್ಜಿಯೇ, ಅವಳಿಗೆ ಗೊತ್ತಿತ್ತು. ಆದರೂ ಅವನ ಬಾಯಿಂದ ಬರಲಿ ಎಂದು ಕಾದಳು, ಕಥೆಯಲ್ಲಿ ಕಾಯುವ ಹಾಗೆ.

“ಹೂಂ,” ಅಂದ.

ಅಜ್ಜಿ ಆ ಸಂಜೆಯಿಂದ ಕಥೆ ಹೇಳಲಿಲ್ಲ. ಸುಗ್ಗಿಗೆಂದು ಹೊಳಲೂರಿಗೆ ಹೋದವಳು ದೊಡ್ಡಪ್ಪನ ಮನೆಯಲ್ಲೇ ಉಳಿದಳು, ಅಲ್ಲೇ ತೀರಿಕೊಂಡಳು. ಬೀದಿಯ ಹುಡುಗರು ಶೀನನನ್ನು ಉಚ್ಚೆ ಶೀನ ಎಂದೇ ಕರೆದರು. ಆ ಹೆಸರು ಅವನ ಮೀಸೆ ಮೂಡುವವರೆಗೂ ಇತ್ತು. ನಾನು ನಾಲ್ಕನೇ ಕ್ಲಾಸಿಗೆ ಸೇರಿದೆ. ಸ್ಲೇಟು ಹೊಸದು. ಅರ್ಧ ವರ್ಷವೂ ಕಳೆದಿರಲಿಲ್ಲ, ಇಂಜಿನಿಯರರಿಗೆ ವರ್ಗವಾಯಿತು, ಸರೋಜಮ್ಮನವರು ಹೋದರು, ಶಿಶುವಿಹಾರ ಮುಚ್ಚಿತು. ಅಪ್ಪ ನನ್ನನ್ನು ಮತ್ತೆ ಶಾಲೆ ಬಿಡಿಸಿದ. ನನಗೆ ಆಗ ಅಳು ಬರಲಿಲ್ಲ. ಈಗಲೂ ಬರುವುದಿಲ್ಲ. ಕಥೆಯ ಪುಸ್ತಕ ಅಚ್ಚಾಯಿತೆಂದು ಕೇಳಿದೆ, ಕಂಡಿಲ್ಲ.

ಶೀನ ಅದೇ ಕಾರ್ಖಾನೆ ಸೇರಿದ, ಮದುವೆಯಾದ, ಮಕ್ಕಳು ಮೊಮ್ಮಕ್ಕಳನ್ನು ಕಂಡ. ನನ್ನನ್ನು ಒಂದು ದಿನವೂ ಹೀಯಾಳಿಸಲಿಲ್ಲ. ಗಂಡ ಸತ್ತ ಮೇಲೆ ನಾನು ಅವನ ಮನೆಯಲ್ಲೇ ಇದ್ದೆ. ಕೊನೆಗೆ ಅವನನ್ನು ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿದಾಗ ಮಧ್ಯಾಹ್ನದ ಹೊತ್ತು ನಾನು ಪಕ್ಕದಲ್ಲಿ ಕೂರುತ್ತಿದ್ದೆ. ಅವನ ಮೊಮ್ಮಗಳು ಮರೆತು ಬಿಟ್ಟುಹೋದ ಚಿತ್ರದ ಪುಸ್ತಕವೊಂದು ಮಂಚದ ಮೇಲಿತ್ತು. ಅಭ್ಯಾಸಬಲದಿಂದ ತೆಗೆದು ನೋಡಿದೆ. ಕಾಗದ ದಪ್ಪ, ಅಕ್ಷರ ದೊಡ್ಡದು, ಹೆದರಿಸುವಂಥದ್ದು ಏನೂ ಇಲ್ಲ. ಒಳ್ಳೆಯ ಪುಸ್ತಕ.

“ಅದ್ನ ಅಲ್ಲಿಡು. ಅಜ್ಜಿ ಕಥೆ ಹೇಳಕ್ಕ,” ಅಂದ.

“ಹಗಲು ಕಣೋ.”

“ಇನ್ಯಾವ ಸೋದರಮಾವ ಉಳ್ದಿದಾನೆ ದಾರಿ ತಪ್ಪಕ್ಕೆ? ಹೇಳು ಮಾರಾಯ್ತಿ.”

ಹೇಳಿದೆ. ಮರ ಬಂತು, ಹೊಳೆ ಬಂತು, ಬಂಡೆ ಬಂತು. ಅವನು ಕಣ್ಣು ಮುಚ್ಚಿಕೊಂಡು ಹೂಂಗುಟ್ಟುತ್ತಿದ್ದ. ಗವಿಯ ಬಾಗಿಲಿಗೆ ಬಂದಾಗ ನನ್ನ ನಾಲಿಗೆಯ ಮೇಲೆ ರಕ್ಕಸಿ ಬರಲಿಲ್ಲ. ಬಾಳೆಹಣ್ಣು ಹಿಡಿದು ಆ ಮುದುಕಿ ಬಂದಳು. ಮಗುವನ್ನು ಮನೆಗೆ ಕಳಿಸಿದಳು.

ಅವನು ಕಣ್ಣು ತೆರೆದ. “ಅಲ್ಲಿ ಅಜ್ಜಿ ನನ್ನ ಏನೋ ಕೇಳ್ತಿದ್ಲಲ್ಲ.”

ನನಗೆ ನೆನಪಿತ್ತು. ಕೇಳಬಹುದಿತ್ತು. ಕೇಳಿದರೆ ಅವನು ಏನು ಹೇಳುತ್ತಾನೋ ಎಂದು ಹೆದರಿದೆ. ಹೇಳದೆ ಸುಮ್ಮನಿದ್ದರೆ ಎಂದೂ ಹೆದರಿದೆ.

“ಏನೂ ಕೇಳ್ತಿರ್ಲಿಲ್ಲಪ್ಪ. ಕಥೆ ಅಷ್ಟೇ.”

“ಹೂಂ,” ಅಂದ. ಗೋಡೆಯ ಕಡೆ ಮಗ್ಗುಲಾದ.

ಆ ವಾರವೇ ಹೋದ.

ಶಿಶುವಿಹಾರವಿದ್ದ ಕೋಣೆ ಬಿದ್ದು ಎಷ್ಟೋ ಕಾಲವಾಯಿತು. ಬಟ್ಟೆಯ ಮೇಲೆ ಈಗ ಇದ್ದಿಲ ಪುಡಿ ಕೂರುವುದಿಲ್ಲ, ಸಂಜೆ ಆಕಾಶ ತನ್ನ ಬಣ್ಣದಲ್ಲೇ ಕಪ್ಪಾಗುತ್ತದೆ. ಆ ಕಥೆ ಪೂರ್ತಿ ಬಲ್ಲವರು ನನ್ನ ಬಿಟ್ಟು ಯಾರೂ ಉಳಿದಿಲ್ಲ. ದೀಪ ಹಾಕಿದ ಮೇಲೆ ಕೆಲವು ದಿನ ನನ್ನಷ್ಟಕ್ಕೆ ಹೇಳಿಕೊಳ್ಳುತ್ತೇನೆ, ಅಜ್ಜಿ ಹೇಳಿದ ಹಾಗೆಯೇ. ಕೂದಲು ಕೊಡುತ್ತೇನೆ, ಬಳೆ ಕೊಡುತ್ತೇನೆ, ನೆರಳು ಕೊಡುತ್ತೇನೆ. ಗವಿಯ ಬಾಗಿಲಲ್ಲಿ ನಿಲ್ಲುತ್ತೇನೆ. ರಕ್ಕಸಿ ಮಗುವಿನ ಕಡೆ ತಿರುಗಿ, ನೀನು ಯಾರ ಮಗ ಎಂದು ಕೇಳುತ್ತಾಳೆ.

ಕಥೆ ಅಲ್ಲಿಂದ ಮುಂದೆ ಹೋಗುವುದಿಲ್ಲ.