ನೂರು ಸಿಸಿ ಗಾಡಿ, ಅಮ್ಮನ ಊಟ

ನನ್ನ ಗಾಡಿಗೆ ಪಿಕಪ್ ಬೇಕಾಗಿದ್ದು ಯಾವ ಹುಡುಗಿಯ ಎದುರೂ ಮೆರೆಯುವುದಕ್ಕಲ್ಲ. ಅಮ್ಮನ ಹೊಟ್ಟೆಗೆ ಹೊತ್ತಿಗೆ ಸರಿಯಾಗಿ ಅನ್ನ ಬೀಳಲಿ ಎಂದು. ಹೀಗೆಂದರೆ ನಂಬುವವರು ಕಡಿಮೆ, ಬಿಡಿ.

ನಾವು ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯ ಜೈನರು. ಹೊತ್ತು ಮುಳುಗಿದ ಮೇಲೆ ನಮ್ಮಲ್ಲಿ ಊಟವಿಲ್ಲ. ಕತ್ತಲಲ್ಲಿ ಹುಳುಹುಪ್ಪಟೆ ತಟ್ಟೆಗೆ ಬಿದ್ದು ಸತ್ತರೆ ಆ ಹಿಂಸೆಯ ಪಾಪ ಉಂಡವರಿಗೆ. ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿದ್ದವರು ಅಮ್ಮ, ನಾನು ಇಬ್ಬರೇ. ತೊಂಬತ್ತರ ದಶಕದ ಕೊನೆಯ ಆ ವರ್ಷಗಳಲ್ಲಿ ನಾನು ಅರಸೀಕೆರೆಯ ಒಂದು ಮಂಡಿಯಲ್ಲಿ ಕೊಬ್ಬರಿ ತೂಗಿಸುವ ಕೆಲಸದಲ್ಲಿದ್ದೆ. ಸಂಜೆ ಮಂಡಿ ಮುಚ್ಚಿದ ಮೇಲೆ ಬಾಣಾವರ, ಜಾವಗಲ್ ದಾಟಿ ನೂರು ಸಿಸಿ ಗಾಡಿಯಲ್ಲಿ ಮನೆಗೆ. ನಾನು ಬಾರದೆ ಅಮ್ಮ ತಟ್ಟೆ ಹಾಕುತ್ತಿರಲಿಲ್ಲ. ದಾರಿಯಲ್ಲೇ ಹೊತ್ತು ಮುಳುಗಿತೋ, ಇಬ್ಬರೂ ಉಪವಾಸ.

"ನನ್ನ ಕಾಯಬೇಡ, ನೀನು ಉಣ್ಣಮ್ಮಾ" ಎಂದು ಎಷ್ಟು ಸಲ ರೇಗಿದ್ದೇನೋ! ಕೋಪ ನನಗೆ ಮೂಗಿನ ತುದಿಯಲ್ಲೇ. ಅಮ್ಮ ಮಾತ್ರ, "ಮಗ ದಾರೀಲಿರೋವಾಗ ತುತ್ತು ಇಳಿಯುತ್ತೇನೋ?" ಎಂದು ಸೊಪ್ಪಿನ ಎಲೆ ಮಗುಚಿ ಮಗುಚಿ ಹುಳ ನೋಡುತ್ತ ಕೂರುತ್ತಿದ್ದಳು.

ಆಮೇಲೆ ಅವಳಿಗೆ ಸಕ್ಕರೆ ಕಾಯಿಲೆ ಬಂತು. ಚಳಿಗಾಲದ ಒಂದು ಸಂಜೆ ನಾನು ಮನೆ ಮುಟ್ಟುವಾಗ ಕತ್ತಲಾಗಿತ್ತು. ಮಾತ್ರೆ ನುಂಗಿ ನನ್ನನ್ನು ಕಾಯುತ್ತಿದ್ದ ಅಮ್ಮ ಹಿತ್ತಿಲ ಬಾಗಿಲ ಹತ್ತಿರ ಕುಸಿದು ಕೂತಿದ್ದಳು. ಮೈಯೆಲ್ಲ ಬೆವರಿ ತಣ್ಣಗಾಗಿತ್ತು. ಬೆಲ್ಲದ ನೀರು ತುಟಿಗೆ ಹಿಡಿದರೆ ಆ ಸ್ಥಿತಿಯಲ್ಲೂ ಬಾಯಿ ಬಿಗಿದಳು, ಹೊತ್ತು ಮುಳುಗಿತ್ತಲ್ಲ! ಗದರಿಸಿ ಕುಡಿಸಿದೆ. ಮಾರನೆಯ ದಿನ ಬೇಲೂರಿನ ಡಾಕ್ಟರು ನನ್ನನ್ನು ಹೊರಗೆ ಕರೆದು, "ಮಾತ್ರೆ ತಗೊಂಡು ಹಸಿದಿರಬಾರದು ಕಣ್ರೀ. ಇನ್ನೊಂದ್ಸಲ ಹೀಗಾದ್ರೆ ಉಳಿಯೋದು ಕಷ್ಟ" ಎಂದರು.

ಅಮ್ಮ ಹಟ ಬಿಡುವವಳಲ್ಲ. ದಿನಾ ಬೇಗ ಬಿಡಲು ಮಂಡಿಯ ಯಜಮಾನರೇನು ನನ್ನ ಸೋದರಮಾವನೇ? ದಾರಿ ಕುಗ್ಗುವುದಿಲ್ಲ, ಸೂರ್ಯ ನಿಲ್ಲುವುದಿಲ್ಲ. ನನ್ನ ಕೈಯಲ್ಲಿ ಉಳಿದಿದ್ದು ಇಂಜಿನ್ ಒಂದೇ.

ಅರಸೀಕೆರೆಯ ನಮ್ಮ ಮೆಕ್ಯಾನಿಕ್ ಬಾಯಿಬಡುಕ. "ಏನ್ ಸಾವ್ಕಾರ್ರೆ, ಮೈಲೇಜ್ ಬೇಕೋ ಪಿಕಪ್ ಬೇಕೋ? ಎರಡೂ ಬೇಕು ಅಂದ್ರೆ ಬೇರೆ ಅಂಗಡಿ ನೋಡ್ಕಳಿ."

"ಪಿಕಪ್ ಕಣಯ್ಯ. ಹೊತ್ತು ಮುಳುಗೋ ಮುಂಚೆ ಮನೆ ಸೇರ್ಬೇಕು."

"ಓಹೋ! ಮನೇಲಿ ಹೊಸ ಹೆಂಡ್ತಿ ಕಾಯ್ತಾವ್ಳಾ?"

"ಹೆಂಡ್ತಿ ಅಲ್ಲ, ಅಮ್ಮ" ಎಂದು ವಿಷಯ ಹೇಳಿದೆ. ಅವನ ನಗು ನಿಂತಿತು. ಸಿಲಿಂಡರಿನ ಸವೆದ ಬೋರನ್ನು ಕೊರೆಸಿ ಒಂದು ಸೈಜ್ ದೊಡ್ಡ ಪಿಸ್ಟನ್ ಕೂರಿಸಿದ, ಪೆಟ್ರೋಲು ಹೆಚ್ಚು ಹರಿಯಲೆಂದು ಕಾರ್ಬೊರೇಟರಿಗೆ ದೊಡ್ಡ ಜೆಟ್ ಹಾಕಿದ, ಇಂಜಿನ್ನಿನ ಹೆಡ್ಡನ್ನು ಒಂದಿಷ್ಟು ಉಜ್ಜಿಸಿ ತಂದ. ಎಲ್ಲ ಮುಗಿಸಿ, "ಈಗ ಒಂದಷ್ಟು ದಿನ ಮೆಲ್ಲಗೆ ಓಡಿಸ್ಬೇಕು. ಜೋರು ಮಾಡಿದ್ರೆ ಪಿಸ್ಟನ್ ಕಚ್ಕೊಂತದೆ" ಎಂದ. ಥತ್! ಬೇಗ ಹೋಗಲೆಂದು ಮಾಡಿಸಿದರೆ ಮೊದಲಿಗಿಂತ ನಿಧಾನ. ಆ ದಿನಗಳ ಮಟ್ಟಿಗೆ ಯಜಮಾನರಿಗೆ ಕೈಮುಗಿದು ಬೇಗ ಹೊರಡುತ್ತಿದ್ದೆ.

ಆದರೆ ಮೊದಲ ಸಲ ಆಕ್ಸಿಲರೇಟರಿನ ಕಿವಿ ಪೂರ್ತಿ ತಿರುವಿದ ಸಂಜೆ ಇದೆಯಲ್ಲ, ಅಬ್ಬಾ! ಜಾವಗಲ್ ಆಚೆಯ ಏರಿನಲ್ಲಿ ತಿಣುಕುತ್ತಿದ್ದ ಗಾಡಿ ಟಾಪ್ ಗೇರಿನಲ್ಲೇ ಎಳೆಯಿತು. ನಾನು ಒಬ್ಬನೇ ಕೂಗಿಕೊಂಡೆ. ಅಂದಿನಿಂದ ದಿನವೂ ಬೆಳಕಿರುವಾಗಲೇ ಅಮ್ಮ, ನಾನು ಎದುರುಬದುರು ಕೂತು ಉಂಡೆವು. ಅವಳ ಮುಖದಲ್ಲಿ ಕಳೆ ಬಂತು. ನನಗೋ ಸೂರ್ಯನನ್ನೇ ಸೋಲಿಸಿದ ಜಂಬ.

ಚಳಿಗಾಲದಲ್ಲಿ ಆ ದಾರಿಯಲ್ಲಿ ಮುಳುಗುವ ಸೂರ್ಯ ನೇರ ಕಣ್ಣಿಗೆ ಹೊಡೆಯುತ್ತಾನೆ. ಒಂದು ಸಂಜೆ ಹಳೇಬೀಡು ಇನ್ನೇನು ಬಂತು ಅನ್ನುವಾಗ ಆ ಬೆಳಕಿನೊಳಗಿಂದ ಹುಲ್ಲು ಹೇರಿದ ಎತ್ತಿನ ಗಾಡಿಯೊಂದು ಎದ್ದು ಬಂದ ಹಾಗಾಯಿತು. ಇಂಜಿನ್ನಿಗೆ ಬಲ ಬಂದಿತ್ತು, ಬ್ರೇಕು ಹಳೆಯದೇ. ರಸ್ತೆ ಬಿಟ್ಟು ಕೊಯ್ದ ರಾಗಿ ಹೊಲಕ್ಕೆ ನುಗ್ಗಿ ಉರುಳಿದೆ. ಗಾಡಿ ಹೊಡೆಯುತ್ತಿದ್ದವನು ಇಳಿದು ಓಡಿಬಂದು, "ಯಾಕ್ಲಾ, ಸಾಯಕ್ ಹೊಂಟಿದ್ಯಾ?" ಎಂದು ಬೈದ. ನಾನು ಎದ್ದು ಮೈ ಕೈ ನೋಡಿಕೊಳ್ಳಲಿಲ್ಲ. ಸೂರ್ಯ ಇದ್ದಾನಾ ಎಂದು ನೋಡಿದೆ. ಇದ್ದ. ಗಾಡಿ ಎತ್ತಿ ಕಿಕ್ ಹೊಡೆದು ಮನೆಗೆ ಬಂದೆ.

"ಅಮ್ಮಾ, ಬಡಿಸು, ಇನ್ನೂ ಹೊತ್ತಿದೆ!"

ಅಮ್ಮ ನನ್ನ ಹರಿದ ತೋಳು ನೋಡಿದಳು. ಬಡಿಸಲಿಲ್ಲ. ಮೊಣಕೈ ತೊಳೆದಳು, ಅರಿಶಿನ ಒತ್ತಿದಳು, ಬಟ್ಟೆ ಸುತ್ತಿದಳು. ಅಷ್ಟರಲ್ಲಿ ಹೊತ್ತು ಮುಳುಗಿತು. ಅವಳು ಅಂದಿನ ಮಾತ್ರೆ ಇನ್ನೂ ನುಂಗಿರಲಿಲ್ಲ, ಪುಣ್ಯ. ಗಾಡಿಗೆ ಏನೇನು ಮಾಡಿಸಿದ್ದೆ, ಯಾಕೆ ಮಾಡಿಸಿದ್ದೆ ಎಂದು ಅವಳು ಕೇಳಿದ್ದಕ್ಕೆಲ್ಲ ಹೇಳಿದೆ.

ಮಾರನೆಯ ಸಂಜೆ ಬೆಳಕಿರುವಾಗಲೇ ಬಂದೆ. ಅಮ್ಮನ ತಟ್ಟೆ ತೊಳೆದು ಬೋರಲು ಹಾಕಿತ್ತು.

"ನಾನು ಉಂಡೆ ಕಣೋ. ಇನ್ಮೇಲೆ ದಿನಾ ಹೊತ್ತಿಗೆ ಉಣ್ತೀನಿ. ನೀನು ಮೆಲ್ಲಗೆ ಬಾ. ಕತ್ತಲಾಗಿದ್ರೂ ಬಂದು ಉಣ್ಣು."

"ಕತ್ತಲಾದ್ಮೇಲಾ? ಏನಮ್ಮಾ ಹೇಳ್ತಿದ್ದೀಯ ನೀನು?"

"ಹೂಂ. ಪಾಪ ಬಂದ್ರೆ ಅದು ನನಗಿರ್ಲಿ."

ನಮ್ಮ ಧರ್ಮದಲ್ಲಿ ಒಬ್ಬರ ಪಾಪವನ್ನು ಇನ್ನೊಬ್ಬರು ಹೊರುವಂತಿಲ್ಲ. ಅವರವರ ಕರ್ಮ ಅವರವರೇ ಕಳೆದುಕೊಳ್ಳಬೇಕು. ತೊಡೆಯ ಮೇಲೆ ಕೂರಿಸಿಕೊಂಡು ಇದನ್ನು ನನಗೆ ಕಲಿಸಿದವಳೇ ಅಮ್ಮ. ಅವಳಿಗೆ ಅದೇನೂ ಮರೆತಿರಲಿಲ್ಲ. ಹೊರಲಾಗುವುದಿಲ್ಲ ಎಂದು ಗೊತ್ತಿದ್ದೂ ನನಗಿರಲಿ ಅಂದಳು. ಅಂಗಳದಲ್ಲಿ ಇನ್ನೂ ಬಿಸಿಲಿತ್ತು. ಅವಳು ಬಡಿಸಿ ಎದುರಿಗೆ ಕೂತಳು, ನಾನು ಅಳುತ್ತ ಉಂಡೆ.