ಟೇಪು ಹಚ್ಚಿದ ಬಾಗಿಲು

ಪ್ಯಾಕಿಂಗ್ ಟೇಪನ್ನು ಸುರುಳಿಯಿಂದ ಜಗ್ಗುವಾಗ ಚರ್ರೆಂದು ಒಂದು ಸದ್ದು ಬರುತ್ತದಲ್ಲ, ಅದು ನನಗಾಗದು. ಸಾಗರದ ಪೇಟೆಯಲ್ಲಿ ಕೊರಿಯರ್ ಹುಡುಗಿ ಡಬ್ಬಕ್ಕೆ ಟೇಪು ಸುತ್ತತೊಡಗಿದರೆ ನಾನು ಎದ್ದು ಹೊರಗೆ ಬಂದು ನಿಲ್ಲುತ್ತೇನೆ. ನನಗೆ ಧೂಳಿನ ಅಲರ್ಜಿ ಎಂದು ಅವಳು ತಿಳಿದುಕೊಂಡಿದ್ದಾಳೆ, ಇರಲಿ ಬಿಡಿ. ಮೊನ್ನೆ ಸಂಜೆ ಆ ಸದ್ದು ಫೋನಿನೊಳಗಿಂದಲೇ ಬಂತು. ನನ್ನ ತಮ್ಮ ಸನ್ಮತಿ, ಹೋದ ವರ್ಷ ಮರಳುಗಾಡಿನ ಆ ಪುಟ್ಟ ದೇಶಕ್ಕೆ ಕೆಲಸಕ್ಕೆ ಹೋದವನು, ನನ್ನ ಜೊತೆ ಮಾತಾಡುತ್ತಲೇ ಕಿಟಕಿಯ ಸಂದಿಗೆ ಟೇಪು ಹಚ್ಚುತ್ತಿದ್ದ. "ಎಂತ ಇಲ್ಲ ಅಕ್ಕ, ಪಕ್ಕದ ದೇಶದಲ್ಲಿ ಗಲಾಟೆ ಶುರುವಾಗಿದೆ. ಒಂದು ಎಚ್ಚರಿಕೆಗೆ ಅಂತ ಹಚ್ಚಿಡಕ್ಕೆ ಹೇಳಿದಾರೆ," ಅಂದ. ಅವನ ದನಿಯಲ್ಲಿ ನಗುವಿತ್ತು. ನಾನು ಫೋನನ್ನು ಕಿವಿಯಿಂದ ದೂರ ಹಿಡಿದೆ. ಅದೇ ದೇಶದಲ್ಲಿ, ಅಂಥದೇ ಕಂದು ಟೇಪಿನ ಸದ್ದನ್ನು ನಾನು ಮೊದಲು ಕೇಳಿದಾಗ ನನಗೆ ಒಂಬತ್ತು ವರ್ಷ, ಅವನಿಗೆ ಎರಡು. ಅವನಿಗೆ ಅದೇನೂ ನೆನಪಿಲ್ಲ.

ಅಲ್ಲಿ ನಾವು ಎಂಟು ಮಹಡಿಯ ಕಟ್ಟಡವೊಂದರ ಐದನೆಯ ಮಹಡಿಯಲ್ಲಿದ್ದೆವು. ಅಪ್ಪ ಸಮುದ್ರದ ಉಪ್ಪುನೀರನ್ನು ಸಿಹಿನೀರು ಮಾಡುವ ದೊಡ್ಡ ಕಾರ್ಖಾನೆಯಲ್ಲಿ ಮೆಕ್ಯಾನಿಕ್, ಅಮ್ಮ ಆಸ್ಪತ್ರೆಯಲ್ಲಿ ನರ್ಸ್. ಮನೆ ಎಂದರೆ ನನಗೆ ಈಗಲೂ ಮೊದಲು ನೆನಪಾಗುವುದು ಅಲ್ಲಿಯ ತಂಪು. ಹೊರಗೆ ಬಿಸಿಲು ಕೆಂಡದಂತೆ ಕಾಯುತ್ತಿದ್ದರೆ ಒಳಗೆ ನಾನು ಸ್ವೆಟರ್ ಹಾಕಿಕೊಂಡು ಹೋಂವರ್ಕ್ ಮಾಡುತ್ತಿದ್ದೆ. ಮನೆಗಳ ನಡುವಿನ ಕಾರಿಡಾರಿನ ಕಾರ್ಪೆಟ್ಟಿಗೆ ಏಲಕ್ಕಿ ಹಾಕಿದ ಕಾಫಿಯ, ಯಾರೋ ಹಾಕಿದ ಧೂಪದ ವಾಸನೆ ಹತ್ತಿಕೊಂಡಿತ್ತು. ಅಂಗಡಿಯಲ್ಲಿ ಒಂದೊಂದು ಸೇಬಿಗೂ ಒಂದೊಂದು ಕಾಗದದ ಅಂಗಿ. ಹಗಲಲ್ಲೂ ಬೀದಿದೀಪ ಉರಿದರೆ ಕೇಳುವವರಿಲ್ಲ. ನಮ್ಮ ಹತ್ತಿರ ಉದ್ದನೆಯ ಬಿಳಿ ಕಾರಿತ್ತು, ಅದಕ್ಕೆ ಹಾಕುವ ಪೆಟ್ರೋಲು ನಾವು ಕುಡಿಯುವ ನೀರಿಗಿಂತ ಅಗ್ಗ ಎಂದು ಅಪ್ಪ ಊರಿಗೆ ಫೋನ್ ಮಾಡಿದಾಗಲೆಲ್ಲ ಹೇಳುತ್ತಿದ್ದರು. ಹೇಳದೆ ಬಿಡುತ್ತಿದ್ದ ಮಾತೂ ಒಂದಿತ್ತು. ನಮ್ಮ ಪಾಸ್‌ಪೋರ್ಟುಗಳೆಲ್ಲ ಕಾರ್ಖಾನೆಯ ಕಬ್ಬಿಣದ ಬೀರುವಿನಲ್ಲಿದ್ದವು. ಅಪ್ಪ ಕೇಳದೆ, ಅವರು ಕೊಡದೆ ನಾವು ಆ ತಂಪಿನಿಂದ ಎದ್ದು ಬರುವಂತಿರಲಿಲ್ಲ.

ಸನ್ಮತಿಯನ್ನು ನೋಡಿಕೊಳ್ಳಲು ಜೋಗದಿಂದ ಅಜ್ಜಿ ಬಂದಳು, ಅಪ್ಪನ ಅಮ್ಮ. ತೀರಿಹೋಗಿದ್ದ ಅಜ್ಜ ಶರಾವತಿಯ ಅಣೆಕಟ್ಟೆಯಲ್ಲಿ ಗೇಟು ಎತ್ತುವ ಕೆಲಸದಲ್ಲಿದ್ದವರು. ಅಜ್ಜ ನೀರಿನಿಂದ ಕರೆಂಟು ಮಾಡುವ ಕಡೆ ದುಡಿದರು, ಅಪ್ಪ ಎಣ್ಣೆ ಸುಟ್ಟು ನೀರು ಮಾಡುವ ಕಡೆ. ಅಜ್ಜಿ ಮಾತ್ರ ಎರಡೂ ಕಡೆ ನೀರನ್ನು ನಂಬದವಳು. ಮದುವೆಯಾದ ಹೊಸದರಲ್ಲೇ ತುಮರಿ ಕಡೆಯ ಅವಳ ತವರು ಹಿನ್ನೀರಿನಲ್ಲಿ ಮುಳುಗಿತ್ತು. ಆಮೇಲಿನ ಸಂಸಾರವೆಲ್ಲ ಅಣೆಕಟ್ಟೆಯ ಕೆಳಗಿನ ಹೊಳೆದಂಡೆಯಲ್ಲಿ. ಗೇಟು ತೆಗೆಯುವ ಮುಂಚೆ ಅಲ್ಲಿ ಸೈರನ್ ಆಗುತ್ತಿತ್ತು. ಆದ ಕೂಡಲೇ ಒಲೆಯ ಮೇಲೆ ಏನೇ ಇರಲಿ, ಬಿಟ್ಟು ಮಕ್ಕಳನ್ನು ಎತ್ತಿಕೊಂಡು ಗುಡ್ಡ ಹತ್ತಬೇಕು. ಅವಳು ಮಕ್ಕಳಿಗೆ ಕಲಿಸಿದ ಮೊದಲ ಪಾಠವೇ ಅದು ಎಂದು ಅಪ್ಪ ನಗುತ್ತಿದ್ದರು.

ನಾವು ಜೈನರು. ಅಜ್ಜಿ ಸೂರ್ಯ ಮುಳುಗುವುದರೊಳಗೆ ಊಟ ಮುಗಿಸುತ್ತಿದ್ದಳು, ಬಟ್ಟೆಯಲ್ಲಿ ಸೋಸದ ನೀರನ್ನು ಮುಟ್ಟುತ್ತಿರಲಿಲ್ಲ. ಸೋಸಿದ ಮೇಲೆ ಬಟ್ಟೆಯನ್ನು ಜಾಲಿಸಿ ಆ ನೀರನ್ನು ಅದು ಬಂದ ಕಡೆಗೇ ಬಿಡಬೇಕು, ಅದರಲ್ಲಿ ಕಣ್ಣಿಗೆ ಕಾಣದ ಜೀವಗಳಿರುತ್ತವೆ. ಊರಿನಲ್ಲಾದರೆ ಬಾವಿಗೆ ಬಿಡಬಹುದು, ನಲ್ಲಿಗೆ ಹೇಗೆ ಬಿಡುವುದು? "ಇದು ಎಲ್ಲಿಂದ ಬಂದಿದ್ದು?" ಎಂದು ಕೇಳಿದಳು. ಸಮುದ್ರದಿಂದ ಎಂದು ಅಪ್ಪ ಹೇಳಿ ಸಿಕ್ಕಿಬಿದ್ದರು. ಅಲ್ಲಿಂದ ಮುಂದೆ ಪ್ರತಿ ಶುಕ್ರವಾರ, ಅಲ್ಲಿಯ ರಜೆಯ ದಿನ, ಒಂದು ಚೊಂಬು ನೀರನ್ನು ಸಮುದ್ರಕ್ಕೆ ಬಿಡಲು ಆ ಉದ್ದನೆಯ ಕಾರು ಹೊರಡುತ್ತಿತ್ತು. "ಊರಿಗೆ ಬಂದವಳು ನೀರಿಗೆ ಬರದೆ ಇರ್ತಾಳಾ," ಎಂದು ಅಪ್ಪ ಗಾಡಿ ತೆಗೆಯುತ್ತಿದ್ದರು. ಅಜ್ಜಿ ಚೊಂಬನ್ನು ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದಳು. ಮೊದಲ ಸಲ ಆ ಸಮುದ್ರ ಕಂಡಾಗ ಅವಳು ದಡದುದ್ದಕ್ಕೂ ಕಣ್ಣಾಡಿಸಿದಳು. ಕೊನೆಗೆ, "ಇಷ್ಟೊಂದು ನೀರಿಗೆ ಕಟ್ಟೆ ಎಲ್ಲೂ ಇಲ್ವಲ್ಲ ಮಾರಾಯ," ಅಂದಳು. ನಾವು ನಕ್ಕೆವು.

ಪಕ್ಕದ ದೇಶದಲ್ಲಿ ಯುದ್ಧ ಶುರುವಾಗುತ್ತದೆ ಎಂಬ ಸುದ್ದಿ ಬಂದ ಮೇಲೆ ನಗು ಕಡಿಮೆಯಾಯಿತು. ಎದುರು ಮನೆಯವರು ಒಂದು ಬೆಳಿಗ್ಗೆ ಹೇಳದೆ ಕೇಳದೆ ಹೋಗಿಬಿಟ್ಟರು. ನೀರಿನ ಕಾರ್ಖಾನೆ ಒಂದು ದಿನವೂ ನಿಲ್ಲುವಂತಿರಲಿಲ್ಲ, ಆದ್ದರಿಂದ ಅಪ್ಪನಿಗೆ ರಜೆ ಇಲ್ಲ. ಆಸ್ಪತ್ರೆಯಂತೂ ಅಮ್ಮನನ್ನು ಬಿಡಲೇ ಇಲ್ಲ. ಕಿಟಕಿಯಿಲ್ಲದ ಉಗ್ರಾಣದ ಕೋಣೆಯನ್ನು ಖಾಲಿ ಮಾಡಿ ಬಿಸ್ಕತ್ತು, ನೀರಿನ ಕ್ಯಾನು, ಟೇಪು ಇಟ್ಟರು. ಶಾಲೆಯಲ್ಲಿ ವಾರಕ್ಕೆರಡು ಸಲ ಅಭ್ಯಾಸ ಮಾಡಿಸಿದರು. ಏರಿಳಿಯುವ ಸೈರನ್ ಆದರೆ ಗಾಳಿಯಲ್ಲಿ ವಿಷ ಬರಬಹುದು. ಒಳಕೋಣೆಗೆ ಓಡಿ, ಬಾಗಿಲ ಸಂದಿಗೆಲ್ಲ ಟೇಪು ಹಚ್ಚಿ, ಏರಿಳಿತವಿಲ್ಲದ ಉದ್ದನೆಯ ಸೈರನ್ ಆಗುವ ತನಕ ಯಾರು ತಟ್ಟಿದರೂ ತೆಗೆಯಬಾರದು. ನಾನು ತರಗತಿಗೇ ಜಾಣೆ, ಒಂದಕ್ಷರ ಮರೆಯಲಿಲ್ಲ. ಅಜ್ಜಿಗೂ ಹೇಳಿಕೊಟ್ಟೆವು. ಅವಳು ಎಲ್ಲ ಕೇಳಿ, "ಆಯ್ತು," ಎಂದು ತಲೆಯಾಡಿಸಿದಳು. ಆದರೆ ಸೈರನ್ ಎಂಬುದು ಕಿವಿಗೆ ಬಿದ್ದಾಗ ಕಾಲಿಗೆ ನೆನಪಾಗುವುದು ಬೇರೆಯೇ.

ಅದು ಆದದ್ದು ಒಂದು ಸಂಜೆ, ಹೊತ್ತು ಮುಳುಗುವ ಮುಂಚೆ. ಅಪ್ಪ ಅಮ್ಮ ಇಬ್ಬರೂ ಕೆಲಸದಲ್ಲಿದ್ದರು. ಅಜ್ಜಿ ಅನ್ನಕ್ಕೆ ಸಾರು ಬಡಿಸುತ್ತಿದ್ದಳು. ಸೈರನ್ ಶುರುವಾದ ಕೂಡಲೇ ಸೌಟು ಅವಳ ಕೈಯಿಂದ ಜಾರಿತು. ಒಂದೇ ಸಲಕ್ಕೆ ಸನ್ಮತಿಯನ್ನು ಸೊಂಟಕ್ಕೇರಿಸಿಕೊಂಡು ನನ್ನ ರೆಟ್ಟೆ ಹಿಡಿದು ಮುಂಬಾಗಿಲು ದಾಟಿದಳು. "ಹತ್ತು ಪುಟ್ಟಿ, ಬೇಗ ಹತ್ತು. ಹಿಂದೆ ನೋಡಬ್ಯಾಡ," ಎನ್ನುತ್ತ ತಾರಸಿಯ ಕಡೆ ಮೆಟ್ಟಿಲೇರತೊಡಗಿದಳು. ಮೇಲೆ ಹೋದರೆ ಸಾಯುತ್ತೇವೆ ಎಂದು ನನಗೆ ಗೊತ್ತಿತ್ತು, ಅವಳಿಗೆ ಗೊತ್ತಿರಲಿಲ್ಲ. ಅದನ್ನು ಹೇಳಬಹುದಿತ್ತು, ಕೂಗಬಹುದಿತ್ತು. ನಾನು ಕೈ ಕೊಸರಿಕೊಂಡು ಒಬ್ಬಳೇ ಕೆಳಗೆ ಓಡಿಬಂದೆ, ಉಗ್ರಾಣದೊಳಗೆ ಹೊಕ್ಕು ಚಿಲಕ ಹಾಕಿದೆ.

ಚರ್ರೆಂದು ಟೇಪು ಜಗ್ಗಿದೆ. ಬಾಗಿಲಿನ ಎರಡೂ ಪಕ್ಕ ಹಚ್ಚಿದೆ, ಕುರ್ಚಿ ಹತ್ತಿ ಮೇಲೂ ಹಚ್ಚಿದೆ. ಅಷ್ಟಕ್ಕೇ ಸುರುಳಿ ಮುಗಿದುಹೋಯಿತು, ಕೆಳಗಿನ ಸಂದಿ ಹಾಗೇ ಉಳಿಯಿತು. ಅಲ್ಲಿಂದ ಒಂದು ಬೆರಳಷ್ಟು ಬೆಳಕು ಒಳಗೆ ಬೀಳುತ್ತಿತ್ತು. ನಾನು ಹಿಂದಿನ ಗೋಡೆಗೆ ಒತ್ತಿಕೊಂಡು ಆ ಬೆಳಕನ್ನೇ ನೋಡುತ್ತ ಕೂತೆ. ಸ್ವಲ್ಪ ಹೊತ್ತಿಗೆ ಅದರಲ್ಲಿ ಎರಡು ಪಾದಗಳ ನೆರಳು ಬಿತ್ತು. ಅಜ್ಜಿ ಬಾಗಿಲು ತಟ್ಟಿದಳು. ಏದುಸಿರಿನಲ್ಲಿ ಅವಳ ಮಾತು ತುಂಡಾಗುತ್ತಿತ್ತು. "ಪುಟ್ಟೀ, ತೆಗಿಯೇ. ಒಳಗೆ ಸಿಕ್ಕಿಬೀಳ್ತೀಯ ಮಗಾ. ನೀರು ಬರ್ತದೆ, ತೆಗಿ." ಸನ್ಮತಿ ಅಳುತ್ತಿದ್ದ. ನಾನು ಉಸಿರು ಬಿಗಿಹಿಡಿದುಕೊಂಡೆ. ತೆಗೆದರೆ ಅವಳ ಜೊತೆಗೆ ವಿಷವೂ ಒಳಗೆ ಬರುತ್ತದೆ ಎಂದುಕೊಂಡೆ. ಇಬ್ಬರೂ ಹೊರಗಿದ್ದಾರೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ನಾನು ತೆಗೆಯಲಿಲ್ಲ.

ತಟ್ಟುವುದು ನಿಂತಿತು. ಆಮೇಲೆ ಕೆಳಗಿನ ಸಂದಿಯಲ್ಲಿ ಬಿಳಿಯದೇನೋ ಒಳಗೆ ತೂರತೊಡಗಿತು. ಚೂರು ಚೂರೇ, ಬೆರಳಿನಿಂದ ಒತ್ತಿದ ಹಾಗೆ, ಈ ತುದಿಯಿಂದ ಆ ತುದಿಯವರೆಗೆ. ಬೆಳಕು ಒಂದೊಂದೇ ಕಡೆ ಆರುತ್ತ ಬಂತು. ಹೊಗೆಯೋ ವಿಷವೋ ಎಂದು ನಾನು ಕಾಲು ಮಡಿಚಿಕೊಂಡು ಮುಖ ಮುಚ್ಚಿಕೊಂಡೆ. ದೂರದಲ್ಲಿ ಧಡ್ಡೆಂದು ಸದ್ದಾಗಿ ಪಾತ್ರೆಗಳು ನಡುಗಿದವು. ಕ್ಷಿಪಣಿ ಸಮುದ್ರದಲ್ಲಿ ಬಿದ್ದಿತಂತೆ, ಅದು ಆಮೇಲೆ ತಿಳಿದದ್ದು. ಉದ್ದನೆಯ ಸೈರನ್ ಆಗುವ ಹೊತ್ತಿಗೆ ಕತ್ತಲಾಗಿತ್ತು. ನಾನು ಟೇಪು ಕಿತ್ತು ಬಾಗಿಲು ಎಳೆದೆ, ಬಿಗಿಯಾಗಿತ್ತು. ಇನ್ನೊಮ್ಮೆ ಎಳೆದಾಗ ತೆರೆಯಿತು.

ಅಜ್ಜಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಳು. ಸನ್ಮತಿಯನ್ನು ಆದಷ್ಟು ಎತ್ತರದಲ್ಲಿರಲೆಂದು ಹೆಗಲ ಮೇಲೆ ಕೂರಿಸಿಕೊಂಡು ಅವನ ಎರಡೂ ಕಾಲು ಹಿಡಿದಿದ್ದಳು. ಬಾಗಿಲ ಬುಡದಲ್ಲಿ ಅವಳ ನೀರು ಸೋಸುವ ಬಟ್ಟೆ, ಅದರ ಹಿಂದೆ ಒಂದು ಸೀರೆಯ ಸುರುಳಿ. ನೀರು ಬಂದರೆ ನನ್ನ ಕೋಣೆಯೊಳಗೆ ನುಗ್ಗದಿರಲೆಂದು ಅವಳು ಹೊರಗಿನಿಂದ ಸಂದಿ ಮುಚ್ಚಿದ್ದಳು. ಮೇಲೆ ಹೋಗಿದ್ದರೆ ಅವಳ ಲೆಕ್ಕದಲ್ಲಿ ಅವರಿಬ್ಬರು ಉಳಿಯುತ್ತಿದ್ದರು. ನನ್ನನ್ನು ಬಿಟ್ಟು ಹೋಗಲಾರದೆ ವಾಪಸು ಇಳಿದು ಬಂದಿದ್ದಳು.

ಅಪ್ಪ ಅಮ್ಮ ಬಂದಾಗ, "ಪುಟ್ಟಿ ಶಾಲೇಲಿ ಹೇಳಿದ ಹಾಗೇ ಮಾಡಿದ್ಲು, ಜಾಣೆ," ಎಂದಷ್ಟೇ ಹೇಳಿದಳು. ಆ ದೇಶ ಬಿಟ್ಟು ನಾವು ಬಂದು ಬಹಳ ವರ್ಷವಾಯಿತು. ಆ ಕಟ್ಟಡ ಕೆಡವಿ ಗಾಜಿನ ಗೋಪುರ ಕಟ್ಟಿದ್ದಾರೆ ಎಂದು ಸನ್ಮತಿ ಫೋಟೋ ಕಳಿಸಿದ್ದ. ಅಜ್ಜಿ ಜೋಗದ ಹತ್ತಿರವೇ ಇದ್ದು ತೀರಿಕೊಂಡಳು. ನಾನು ಹೋದಾಗ ಎಂದಾದರೂ ಅಣೆಕಟ್ಟೆಯ ಸೈರನ್ ಆದರೆ, "ಗೇಟು ತೆಗೆದ್ರು," ಎಂದು ನನ್ನ ಕಡೆ ನೋಡುತ್ತಿದ್ದಳು. ನಾನು ನೆಲ ನೋಡುತ್ತಿದ್ದೆ. ಕ್ಷಮೆ ಕೇಳಬೇಕು ಎಂದು ಪ್ರತಿ ಸಲ ಅಂದುಕೊಂಡು ಪ್ರತಿ ಸಲ ಬಸ್ಸಿಗೆ ಹೊತ್ತಾಯಿತೆಂದು ಎದ್ದು ಬಂದೆ.

ಮೊನ್ನೆ ಸನ್ಮತಿಯನ್ನು ಕೇಳಿದೆ, "ಸೈರನ್ ಆದ್ರೆ ಎಂತ ಮಾಡ್ತಿ?"

"ಒಳರೂಮಿಗೆ ಹೋಗಿ ಟೇಪು ಹಚ್ಚದು. ರೂಮಲ್ಲಿ ನಾವು ಮೂರು ಜನ ಇದೀವಲ್ಲ ಅಕ್ಕ, ನೀನೇನು ಹೆದರಬೇಡ."

"ಹಚ್ಚು. ಆದ್ರೆ ಹಚ್ಚಿದ್ಮೇಲೆ ಯಾರಾದ್ರೂ ಬಂದು ತಟ್ಟಿದ್ರೆ ತೆಗಿ."

"ತೆಗೀಬಾರ್ದು ಅಂತ ಹೇಳಿದಾರೆ."

"ನಂಗೂ ಹೇಳಿದ್ರು," ಅಂದೆ. "ನೀನು ತೆಗಿ."

ಯಾಕೆಂದು ಅವನು ಕೇಳಲಿಲ್ಲ. ಆಯ್ತು ಅಕ್ಕ ಅಂದ. ಮತ್ತೆ ಚರ್ರೆಂದು ಟೇಪು ಜಗ್ಗುವ ಸದ್ದು ಬಂತು. ಈ ಸಲ ನಾನು ಎದ್ದು ಹೋಗಲಿಲ್ಲ, ಕೊನೆಯ ಕಿಟಕಿ ಮುಗಿಯುವವರೆಗೂ ಫೋನನ್ನು ಕಿವಿಗೆ ಒತ್ತಿ ಹಿಡಿದುಕೊಂಡು ಕೂತಿದ್ದೆ.